ಅಪ್‌ಡೇಟ್: ಚದುರಿದ ಫೈಲುಗಳು ಒಂದೆಡೆ ಸೇರಿದವು, ನಕಲುಗಳೂ ಹೋದವು

ಹಳೆಯ ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಫೋನುಗಳಲ್ಲಿ ಹರಡಿದ್ದ ಫೋಟೊ, ದಾಖಲೆಗಳನ್ನು ಒಟ್ಟುಗೂಡಿಸಿ, ಎರಡೆರಡು ಸಲ ಇರುವ ನಕಲುಗಳನ್ನು ತೆಗೆದುಹಾಕುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಕೆಲಸ ಮುಗಿಯಿತು.

ಮೊದಲು ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿ, ಅಳಿಸುವ ಮಾತು ಆಮೇಲೆ ಎಂಬ ಸಲಹೆಯೇ ಎಲ್ಲಕ್ಕಿಂತ ಮುಖ್ಯ. ಪ್ರತಿ ಮೂಲಕ್ಕೂ ಪ್ರತ್ಯೇಕ ಫೋಲ್ಡರ್ ಇಡಿ. ಹೊಸ ಡಿಸ್ಕ್ ಫ್ಯಾಟ್32 (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಹಳೆಯ ವಿಧಾನ) ಆಗಿದ್ದರೆ 4 ಜಿಬಿ ಮೀರಿದ ವಿಡಿಯೊ ಹೋಗುವುದಿಲ್ಲ, ಎಕ್ಸ್‌ಫ್ಯಾಟ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ನಕಲು ಹುಡುಕಲು ಬಳಸಿದ್ದು ಚ್ಕಾವ್ಕಾ (Czkawka) ಎಂಬ ತಂತ್ರಾಂಶ, ಅದೂ ಹ್ಯಾಶ್ ಕ್ರಮದಲ್ಲಿ, ಅಂದರೆ ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತನ್ನು ಹೋಲಿಸಿ. ಹೆಸರು ನೋಡಿ ಅಳಿಸುವುದು ನಿಜಕ್ಕೂ ಅಪಾಯ: ಕ್ಯಾಮೆರಾದ ಎಣಿಕೆ 9999 ದಾಟಿದರೆ ಮತ್ತೆ 0001ರಿಂದ ಶುರು, ಹಾಗಾಗಿ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿತ್ರಗಳಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಪ್ರತಿಗಳದ್ದು ಇದಕ್ಕೆ ತದ್ವಿರುದ್ಧ. ಅವು ಕುಗ್ಗಿರುವುದರಿಂದ ಹ್ಯಾಶ್ ಹೊಂದುವುದೇ ಇಲ್ಲ. ಅವಕ್ಕೆ 'ಹೋಲುವ ಚಿತ್ರಗಳು' ವಿಭಾಗ ಬೇಕು, ಅಲ್ಲಿ ಪ್ರತಿ ಜೋಡಿಯನ್ನೂ ಕಣ್ಣಾರೆ ನೋಡಿ ಹೆಚ್ಚು ಪಿಕ್ಸೆಲ್ ಇರುವುದನ್ನು ಉಳಿಸಿ. ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಸರಸರನೆ) ತೆಗೆದ ಚಿತ್ರಗಳೂ ನಕಲಲ್ಲದಿದ್ದರೂ ಅಲ್ಲೇ ಸಿಕ್ಕಿಬೀಳುತ್ತವೆ, ಎಚ್ಚರ.

ಸಿಕ್ಕ ನಕಲುಗಳನ್ನು ನೇರ ಅಳಿಸದೆ ಬೇರೊಂದು ಫೋಲ್ಡರಿಗೆ ಸರಿಸಿ. ಪ್ರೋಗ್ರಾಮ್, ವೆಬ್‌ಸೈಟ್ ಪ್ರಾಜೆಕ್ಟ್ ಫೋಲ್ಡರ್‌ಗಳನ್ನು ಹುಡುಕಾಟದಿಂದಲೇ ಹೊರಗಿಡಿ; ಅಲ್ಲಿ ಒಂದೇ ಫೈಲು ಎರಡು ಕಡೆ ಬೇಕಾಗಿಯೇ ಇರುತ್ತದೆ.

ಫೋಟೊಗಳನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ವರ್ಷ, ತಿಂಗಳ ಫೋಲ್ಡರುಗಳಿಗೆ ಹಂಚಿದೆ. ಫೈಲಿನ ತಾರೀಕು ಕಾಪಿ ಮಾಡುವಾಗ ಬದಲಾಗಬಹುದು, ಕ್ಯಾಮೆರಾ ಚಿತ್ರದೊಳಗೇ ಬರೆದಿಟ್ಟ ಎಕ್ಸಿಫ್ ತಾರೀಕನ್ನೇ ಆಧರಿಸಿ. ದಾಖಲೆಗಳ ಹೆಸರು 2023-04-17 ಮಾದರಿಯಲ್ಲಿ ಶುರುವಾದರೆ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಎರಡನೇ ಬ್ಯಾಕಪ್ ಮಾಡಿ ಮುಗಿಸಿ, ಅದರಿಂದ ಕೆಲವು ಫೈಲು ತೆರೆದು ನೋಡುವವರೆಗೆ ಹಳೆಯ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಬೇಡಿ.