‘ದೃಢೀಕರಣ’ವೋ, ‘ತಾಳೆ’ಯೋ? ಹ್ಯಾಮ್ ರೇಡಿಯೋದ ಕ್ಯೂಎಸ್‌ಎಲ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಉಡುಪಿಯ ನಾವು ನಾಲ್ಕೈದು ಹವ್ಯಾಸಿ ರೇಡಿಯೋದವರು (ಹ್ಯಾಮ್ ಅನ್ನುವುದು ನಮ್ಮನ್ನೇ) ಸೇರಿ, ಹೊಸದಾಗಿ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ಆಂಟೆನಾ, ಬ್ಯಾಂಡು, ಪರೀಕ್ಷೆ ಎಲ್ಲ ಸಲೀಸಾಗಿ ಬರೆದಾಯಿತು. ಕಾರ್ಡಿನ ಅಧ್ಯಾಯಕ್ಕೆ ಬಂದಾಗ ಬಂಡಿ ನಿಂತಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಹ್ಯಾಮ್‌ಗಳು ರೇಡಿಯೋದಲ್ಲಿ ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಒಂದು ಕಾರ್ಡು ಕಳಿಸುವ ರೂಢಿ ಇದೆ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಬ್ಯಾಂಡಿನಲ್ಲಿ ನಾವು ಸಿಕ್ಕಿದ್ದು ಹೌದು’ ಅಂತ. ಬ್ಯಾಂಡು ಅಂದರೆ ಮಾತಾಡಲು ಬಳಸಿದ ರೇಡಿಯೋ ತರಂಗಗಳ ಗುಂಪು. ಪೋಸ್ಟ್‌ಕಾರ್ಡಿನ ಅಳತೆ, ಸುಮಾರು 9 ಸೆಂಟಿಮೀಟರಿಗೆ 14. ಇದು ಕ್ಯೂಎಸ್‌ಎಲ್ ಕಾರ್ಡು. ಈಗ ಆ ಕೆಲಸವನ್ನು ಕಂಪ್ಯೂಟರಿನಲ್ಲೂ ಮಾಡಬಹುದು. ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ 2003ರಲ್ಲಿ ಶುರು ಮಾಡಿದ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಅದರಲ್ಲಿ ದೊಡ್ಡದು. ನಾವೂ ನಮ್ಮ ಲಾಗ್, ಅಂದರೆ ಯಾರ ಜೊತೆ ಯಾವಾಗ ಮಾತಾಡಿದೆವು ಅನ್ನುವ ಪಟ್ಟಿ, ಏರಿಸಬೇಕು, ಆಚೆಯವರೂ ಏರಿಸಬೇಕು. ಎರಡೂ ಹೊಂದಿದರೆ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನವರು ಎರಡಕ್ಕೂ ‘ಕನ್ಫರ್ಮ್’ ಅನ್ನುತ್ತಾರೆ.

ನಾನು ಯೋಚನೆ ಮಾಡದೆ ‘ಸಂಪರ್ಕ ದೃಢೀಕರಣ’ ಅಂತ ಬರೆದಿದ್ದೆ. ಕರಡು ಓದಿದ ತಮ್ಮನ ಮಗಳು, “ಇದೆಂತ ದೊಡ್ಡಪ್ಪ, 2020ರ ಆರೋಗ್ಯ ಇಲಾಖೆ ಬುಲೆಟಿನ್ ಓದಿದ ಹಾಗೆ ಆಗ್ತದೆ” ಅಂದಳು. ನಿಜ. ‘ಸಂಪರ್ಕ’ ಮತ್ತು ‘ದೃಢ’ ಎರಡು ಪದ ಪಕ್ಕಪಕ್ಕ ಕೂತರೆ ಈಗ ನಮಗೆ ಮಾಸ್ಕೇ ನೆನಪಾಗುವುದು.

ಆ ನೆನಪು ಮಾಸಿದರೂ ‘ದೃಢೀಕರಣ’ದ ಮೇಲೆ ನನಗೆ ಇನ್ನೊಂದು ತಕರಾರು ಇದೆ. ಅದು ಮೇಲಿನವರು ಕೆಳಗಿನವರಿಗೆ ಕೊಡುವ ವಸ್ತು. ಅರ್ಜಿ ಹಿಡಿದುಕೊಂಡು ಹೋಗಬೇಕು, ಮೊಹರು ಬೀಳಬೇಕು. ಕಾರ್ಡಿನಲ್ಲಿ ಮೇಲೆ ಕೆಳಗೆ ಇಲ್ಲ. ಇಟಲಿಯ ನಿವೃತ್ತ ಮೇಷ್ಟ್ರೊಬ್ಬರು ಮಲ್ಪೆಯ ಹುಡುಗನಿಗೆ ಕಳಿಸುತ್ತಾರೆ, ಹುಡುಗ ಅವರಿಗೆ ಕಳಿಸುತ್ತಾನೆ, ಅಷ್ಟೇ.

ಹಾಗಾಗಿ ಕ್ಯೂಎಸ್‌ಎಲ್‌ನ ಬುಡಕ್ಕೇ ಹೋಗಿ ನೋಡಿದೆ. ಇದು ಯಾವುದರ ಗಿಡ್ಡರೂಪವೂ ಅಲ್ಲ. ಟೆಲಿಗ್ರಾಫ್‌ನವರು ಉದ್ದುದ್ದ ವಾಕ್ಯ ಕುಟ್ಟುವ ಕಷ್ಟ ತಪ್ಪಿಸಲು ಕ್ಯೂ ಅಕ್ಷರದಿಂದ ಶುರುವಾಗುವ ಮೂರಕ್ಷರದ ಗುರುತುಗಳನ್ನು ಮಾಡಿಕೊಂಡರು. 1912ರ ಲಂಡನ್ ಸಮ್ಮೇಳನದಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಪ್ರಶ್ನೆ, ಹಾಕದಿದ್ದರೆ ಉತ್ತರ. ‘ಕ್ಯೂಎಸ್‌ಎಲ್?’ ಅಂದರೆ ‘ನಾನು ಕಳಿಸಿದ್ದು ಬಂತು ಅಂತ ಹೇಳ್ತೀರಾ?’ ಬರೀ ಕ್ಯೂಎಸ್‌ಎಲ್ ಅಂದರೆ ‘ಬಂತು’. ಅಂದರೆ ಮೂಲದಲ್ಲಿ ಇಲ್ಲಿ ದೃಢವೂ ಇಲ್ಲ, ಪ್ರಮಾಣವೂ ಇಲ್ಲ. ನಮ್ಮ ಹಿರಿಯರು ಕಾಗದದ ಮೊದಲ ಸಾಲಿನಲ್ಲಿ ಬರೆಯುತ್ತಿದ್ದರಲ್ಲ, ‘ನಿಮ್ಮ ಕಾಗದ ಮುಟ್ಟಿ ಸಂಗತಿ ತಿಳಿಯಿತು’ ಅಂತ, ಅದೇ.

‘ಮುಟ್ಟಿತು’ ಅನ್ನುವುದು ನಮ್ಮ ಕಡೆ ಈಗಲೂ ನಡೆಯುವ ಮಾತು. ಪಾರ್ಸೆಲ್ ಮುಟ್ಟಿತಾ, ಹಣ ಮುಟ್ಟಿತಾ, ಮಗ ಬೊಂಬಾಯಿಗೆ ಮುಟ್ಟಿದನಾ. ಘಟ್ಟದ ಮೇಲಿನವರು ‘ತಲುಪಿತು’, ‘ಸೇರಿತು’ ಜಾಸ್ತಿ ಬಳಸುತ್ತಾರೆ ಅಂತ ನನ್ನ ಅಂದಾಜು. ತಪ್ಪಿದ್ದರೆ ತಿದ್ದಿ.

ನನಗೆ ಈ ಹವ್ಯಾಸ ಹತ್ತಿಸಿದ್ದು ನನ್ನ ಸೋದರಮಾವ. ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ, ರಾತ್ರಿ ರೇಡಿಯೋ. ಅವರ ಕಾರ್ಡುಗಳೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಇರುತ್ತಿದ್ದವು, ಮಳೆಗಾಲದ ಬೂಷ್ಟಿಗೆ ಹೆದರಿ ನಾಲ್ಕು ನುಸಿಗುಳಿಗೆ ಹಾಕಿ. ಈಗಲೂ ಡಬ್ಬದ ಮುಚ್ಚಳ ತೆಗೆದರೆ ಮೊದಲು ಬರುವುದು ಆ ವಾಸನೆ. ಪ್ರತಿ ಕಾರ್ಡಿನ ಮೂಲೆಯಲ್ಲಿ ಮಾವ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಮು’ ಅಂತ ಬರೆದಿದ್ದಾರೆ, ಪಕ್ಕದಲ್ಲಿ ತಾರೀಕು. ಮುಟ್ಟಿದ ದಿನ. ಎಷ್ಟೋ ಕಾರ್ಡುಗಳಲ್ಲಿ ಮಾತಾಡಿದ ದಿನಕ್ಕೂ ‘ಮು’ ದಿನಕ್ಕೂ ಎರಡು ಮೂರು ವರ್ಷದ ಅಂತರ. ಬ್ಯೂರೋ ಮೂಲಕ ಬಂದವು ಅವು. ದೇಶದೇಶದ ಸಂಘಗಳು ಕಟ್ಟು ಕಟ್ಟಾಗಿ ಕಳಿಸಿ, ಅಲ್ಲಿ ವಿಂಗಡಿಸಿ, ಇಲ್ಲಿ ಹಂಚಿ ಬರುವ ದಾರಿ. ಖರ್ಚು ಕಮ್ಮಿ, ತಾಳ್ಮೆ ಜಾಸ್ತಿ. ಅವಸರ ಇದ್ದವರು ಲಕೋಟೆಯೊಳಗೆ ವಾಪಸ್ ಅಂಚೆ ಖರ್ಚಿಗೆ ಡಾಲರ್ ನೋಟು ಇಟ್ಟು ನೇರ ಕಳಿಸುತ್ತಾರೆ. ಆ ನೋಟಿಗೆ ಹ್ಯಾಮ್‌ಗಳ ಮಾತಿನಲ್ಲಿ ‘ಹಸಿರು ಸ್ಟ್ಯಾಂಪ್’ ಅಂತ ಹೆಸರು!

ಕಾರ್ಡಿಗೆ ಬೇರೆ ಪದಗಳನ್ನೂ ತೂಗಿ ನೋಡಿದೆವು. ‘ಸ್ವೀಕೃತಿ’ ಅಂದರೆ ಕಚೇರಿಯ ಟಪ್ಪಾಲು ಮೇಜು ಕಣ್ಣೆದುರು ಬರುತ್ತದೆ. ‘ರಶೀದಿ’ಯಲ್ಲಿ ದುಡ್ಡಿನ ವಾಸನೆ. ‘ಪಾವತಿ’ಯ ಕತೆ ಮಜವಾಗಿದೆ: ಮರಾಠಿಯಲ್ಲಿ ಪಾವತಿ ಅಂದರೆ ರಶೀದಿಯೇ, ನಮ್ಮಲ್ಲಿ ಅದು ದುಡ್ಡು ಕಟ್ಟುವ ಕೆಲಸವಾಗಿ ಕೂತಿದೆ. ‘ಖಾತ್ರಿ’ ನನಗೆ ಇಷ್ಟವಾಗಿತ್ತು. ಆದರೆ ಉದ್ಯೋಗ ಖಾತ್ರಿ ಬಂದ ಮೇಲೆ ಅದು ಮುಂದಿನ ದಿನದ ಭರವಸೆಯ ಪದವಾಗಿದೆ. ಕಾರ್ಡು ಹೇಳುವುದು ಆಗಿ ಹೋದ ಸಂಗತಿ. ‘ಖಚಿತ’ಕ್ಕೆ ಸಂಸ್ಕೃತದಲ್ಲಿ ಕೂರಿಸಿದ್ದು, ಜಡಿದದ್ದು ಅಂತ ಅರ್ಥ. ರತ್ನಖಚಿತ ಕಿರೀಟ ಅನ್ನುತ್ತೇವಲ್ಲ. ಕನ್ನಡದಲ್ಲಿ ಅದು ಗ್ಯಾರಂಟಿಯಾಗಿದ್ದು ಬಹುಶಃ ‘ಜಡಿದು ಕೂರಿಸಿದರೆ ಅಲುಗಾಡುವುದಿಲ್ಲ’ ಅನ್ನುವ ದಾರಿಯಲ್ಲಿ. ಪದ ಚೆನ್ನಾಗಿದೆ, ಆದರೆ ‘ನಿಮ್ಮ ಖಚಿತ ಬಂತು’ ಅಂತ ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಒಬ್ಬರು ಹೊಸ ಪದ ಕಟ್ಟುವುದರಲ್ಲಿ ಎತ್ತಿದ ಕೈ. ‘ಒಪ್ಪೋಲೆ’ ಅಂದರು. ಶಾಸನಗಳ ಕೊನೆಗೆ ಅರಸರ ಒಪ್ಪ ಇರುತ್ತದಲ್ಲ, ಆ ಒಪ್ಪ, ಜೊತೆಗೆ ಓಲೆ. ಕಿವಿಗೆ ಇಂಪಾಗಿದೆ. ಆದರೆ ರಾತ್ರಿ ಹತ್ತು ಗಂಟೆಗೆ, ಸಿಡಿಲಿನ ಗರಗರದ ನಡುವೆ, ‘ಒಪ್ಪೋಲೆ ಕಳಿಸಿ’ ಅಂತ ಕೂಗುವವರು ಯಾರು? ‘ಮುಟ್ಟೋಲೆ’ ಅಂತಲೂ ಬಂತು. ‘ಮುಟ್ಟು’ ಕ್ರಿಯಾಪದವಾಗಿ ಸಾಧು, ನಾಮಪದವಾದ ಕೂಡಲೇ ಬೇರೆ ಅರ್ಥಕ್ಕೆ ಹೋಗುತ್ತದೆ. ಹುಡುಗರು ನಗುತ್ತಾರೆ, ಬೇಡ. ಕಾರ್ಡು ಕಾರ್ಡಾಗಿಯೇ ಇರಲಿ ಅನ್ನುವುದು ನನ್ನ ತೀರ್ಮಾನ. ಹೆಸರಿಗೆ ನಮಗೆ ಬರ ಇರಲಿಲ್ಲ, ಕ್ರಿಯಾಪದಕ್ಕೆ ಇತ್ತು. ಅದು ‘ಮುಟ್ಟಿತು’ವಿನಲ್ಲಿ ಸಿಕ್ಕಿತು. ದನಿಯೂ ಮುಟ್ಟಿತು, ಕಾರ್ಡೂ ಮುಟ್ಟಿತು.

ಈಗ ಎಲೆಕ್ಟ್ರಾನಿಕ್ ಲಾಗ್. ಇಲ್ಲಿ ‘ಮುಟ್ಟಿತು’ ಕೂರುವುದಿಲ್ಲ. ಯಾಕೆಂದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ಕಳಿಸುವುದಿಲ್ಲ. ನಾನು ನನ್ನ ಲೆಕ್ಕ ಒಪ್ಪಿಸಿದೆ, ಅವರು ಅವರದ್ದು ಒಪ್ಪಿಸಿದರು. ನಡುವೆ ಕಂಪ್ಯೂಟರ್ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಕರೆಹೆಸರು (ಲೈಸೆನ್ಸಿನ ಜೊತೆ ಸಿಗುವ ಗುರುತು), ಬ್ಯಾಂಡು, ಮೋಡು (ಮಾತೋ ಮೋರ್ಸೋ ಅನ್ನುವುದು) ಒಂದೇ ಇರಬೇಕು, ಸಮಯ ಅರ್ಧ ಗಂಟೆಯ ಒಳಗೆ ಹೊಂದಬೇಕು. ಇದಕ್ಕೆ ಮಾವನ ಬ್ಯಾಂಕಿನ ಪದ ತಯಾರಾಗಿಯೇ ಇತ್ತು. ತಾಳೆ.

ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆ ಆಗದೆ ಮನೆಗೆ ಹೋಗುವ ಹಾಗಿರಲಿಲ್ಲ. ಎಂಟಾಣೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಕೂತ ಕತೆಗಳನ್ನು ಮಾವ ಹೇಳುತ್ತಿದ್ದರು. ಅದರಲ್ಲಿ ಒಂದು ಮಾತು ನನಗೆ ಈಗ ಉಪಯೋಗಕ್ಕೆ ಬಂತು: “ತಾಳೆ ಆಗ್ಲಿಲ್ಲ ಅಂದ್ರೆ ಯಾರೋ ಕಳ್ಳ ಅಂತ ಅಲ್ಲ ಮಾರಾಯ. ಎಲ್ಲೋ ಒಂದು ಕಡೆ ಬರಿಲಿಕ್ಕೆ ತಪ್ಪಿದೆ ಅಂತ, ಅಷ್ಟೇ.”

ಇದು ಸಣ್ಣ ವಿಷಯ ಅಲ್ಲ. ‘ನಿಮ್ಮ ಸಂಪರ್ಕ ದೃಢಪಟ್ಟಿಲ್ಲ’ ಅಂದರೆ ನನ್ನ ಮೇಲೆ ಸಂಶಯ. ‘ತಾಳೆ ಆಗಿಲ್ಲ’ ಅಂದರೆ ತಪ್ಪು ನನ್ನದೂ ಇರಬಹುದು, ಅವರದ್ದೂ ಇರಬಹುದು, ಅವರು ಇನ್ನೂ ಲಾಗ್ ಏರಿಸದೆಯೂ ಇರಬಹುದು.

ನನ್ನದೇ ಉದಾಹರಣೆ ಕೊಡುತ್ತೇನೆ. ಒಂದು ಮಾರ್ಚ್ 9ರ ಬೆಳಗಿನ ಜಾವ 4:10ಕ್ಕೆ 40 ಮೀಟರ್ ಬ್ಯಾಂಡಿನಲ್ಲಿ, ಮೋರ್ಸ್‌ನಲ್ಲಿ, ಆಗಲೇ ಹೇಳಿದ ಇಟಲಿಯ ಮೇಷ್ಟ್ರು ಸಿಕ್ಕಿದರು. ಲಾಗ್ ಏರಿಸಿದೆ. ತಿಂಗಳು ಕಳೆದರೂ ತಾಳೆ ಇಲ್ಲ. ಆಮೇಲೆ ಅವರ ಕಾರ್ಡು ಬಂತು, ನೋಡಿದರೆ ಮಾರ್ಚ್ 8, 22:40. ಪಾಪ, ವಯಸ್ಸಾಗಿದೆ, ದಿನವೇ ತಪ್ಪಿ ಬರೆದಿದ್ದಾರೆ ಅಂದುಕೊಂಡೆ. ಚಾ ಕುಡಿಯುತ್ತಾ ಗೋಡೆ ಗಡಿಯಾರ ನೋಡಿದಾಗ ತಲೆಗೆ ಹೊಳೆಯಿತು. ಹ್ಯಾಮ್‌ಗಳು ಲಾಗ್ ಬರೆಯುವುದು ಯುಟಿಸಿ ಅನ್ನುವ, ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ನಾನು ನಮ್ಮೂರ ಸಮಯವನ್ನೇ ತುಂಬುತ್ತಾ ಹೋಗಿದ್ದೆ. ಒಂದಲ್ಲ, ಆ ವಾರದ ಹನ್ನೊಂದು ಎಂಟ್ರಿ. ಎಲ್ಲ ಸರಿ ಮಾಡಿ ಮತ್ತೆ ಏರಿಸಿದೆ, ಮರುದಿನ ಏಳು ತಾಳೆಯಾದವು.

ಮೇಷ್ಟ್ರಿಗೆ ಕಳಿಸಿದ್ದ ಕಾರ್ಡು ಮಾತ್ರ ಹಾಗೆ ಸರಿಯಾಗುವುದಿಲ್ಲ. ನೂರು ದೇಶಗಳ ಜೊತೆ ಮಾತಾಡಿದವರಿಗೆ ಕೊಡುವ ಡಿಎಕ್ಸ್‌ಸಿಸಿ ಅನ್ನುವ ಪ್ರಶಸ್ತಿಗೆ, ಚಿತ್ತು ಮಾಡಿ ತಿದ್ದಿದ ಕಾರ್ಡು ನಡೆಯುವುದಿಲ್ಲ. ಹೊಸದೇ ಬರೆದು ಕಳಿಸಬೇಕು. ಕಳಿಸಿದೆ, ಕೆಳಗೆ ಸಣ್ಣದಾಗಿ ಕ್ಷಮೆಯನ್ನೂ ಕೇಳಿ. ಕಂಪ್ಯೂಟರಿನಲ್ಲಿ ಕ್ಷಮೆ ಕೇಳಲು ಜಾಗವೇ ಇಲ್ಲ ನೋಡಿ. ಬರೀ ಒಂದು ಸಾಲು ಅಂಕಿ.

ಇವೆರಡೂ ಬೇರೆ ಬೇರೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು 2024ರಲ್ಲಿ. ಮೇ ತಿಂಗಳಲ್ಲಿ ಎಆರ್‌ಆರ್‌ಎಲ್‌ನ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಗಿ, ಲಾಗ್‌ಬುಕ್ ಆಫ್ ದಿ ವರ್ಲ್ಡ್ ಮತ್ತೆ ಶುರುವಾದದ್ದು ಜುಲೈ 1ಕ್ಕೆ. ಆ ವಾರಗಳಲ್ಲೂ ರಾತ್ರಿ ಮಾತುಕತೆ ನಡೆದೇ ಇತ್ತು, ಅಂಚೆಯಣ್ಣ ಬರುತ್ತಲೇ ಇದ್ದರು. ಮುಟ್ಟುವುದು ಮುಟ್ಟುತ್ತಿತ್ತು, ತಾಳೆ ಮಾತ್ರ ನಿಂತಿತ್ತು. ಎರಡಕ್ಕೂ ‘ದೃಢೀಕರಣ’ ಅಂದರೆ ಈ ವಾಕ್ಯವನ್ನು ಬರೆಯಲಿಕ್ಕೇ ಆಗುವುದಿಲ್ಲ.

ವ್ಯಾಕರಣದ ಕಣ್ಣಿನಿಂದ ನೋಡಿದರೂ ಕನ್ನಡವೇ ದಾರಿ ತೋರಿಸುತ್ತದೆ. ಕಾರ್ಡನ್ನು ಯಾರೋ ಕಳಿಸುತ್ತಾರೆ, ಯಾರಿಗೋ ಮುಟ್ಟುತ್ತದೆ. ‘ಯಾರಿಗೆ’ ಅನ್ನುವ ಚತುರ್ಥಿ ಅಲ್ಲಿ ಬೇಕೇ ಬೇಕು. ತಾಳೆ ‘ಆಗುತ್ತದೆ’. ‘ನನಗೆ ತಾಳೆ ಆಯಿತು’ ಅನ್ನುವುದಿಲ್ಲ, ‘ನನ್ನದೂ ಅವರದ್ದೂ ತಾಳೆ ಆಯಿತು’ ಅನ್ನುತ್ತೇವೆ. ಎರಡು ಇಲ್ಲದೆ ತಾಳೆ ಇಲ್ಲ.

ಇಲ್ಲಿ ಪದಮೂಲದ ಪ್ರಶ್ನೆ. ಈ ತಾಳೆ ಎಲ್ಲಿಂದ ಬಂತು? ‘ಹಸ್ತಪ್ರತಿಗಳನ್ನು ತಾಳೆ ನೋಡುವುದು’ ಅನ್ನುವುದರಿಂದ ಇದು ತಾಳೆಗರಿಯ ತಾಳೆಯೇ ಅಂತ ನಮ್ಮ ಒಬ್ಬರ ವಾದ. ಇಂಗ್ಲಿಷಿನ ‘ಟ್ಯಾಲಿ’ಯಿಂದ ಬಂದದ್ದು ಅಂತ ಇನ್ನೊಬ್ಬರದ್ದು. ನನ್ನ ಓಟು ಮರಾಠಿಯ ‘ತಾಳಾ’ಕ್ಕೆ. ಅಲ್ಲಿ ಲೆಕ್ಕ ಸರಿ ಇದೆಯಾ ಅಂತ ಪರೀಕ್ಷಿಸುವುದಕ್ಕೆ ತಾಳಾ ಅನ್ನುತ್ತಾರೆ, ಅಢಾವೆ ಪತ್ರಿಕೆಗೆ ತಾಳೇಬಂದ್. ನಮ್ಮ ಕಾಮರ್ಸ್ ಪುಸ್ತಕದ ‘ತಾಳೆಪಟ್ಟಿ’ಯೂ ಅದರ ಸಂಬಂಧಿಯೇ ಇರಬೇಕು. ಇಂಗ್ಲಿಷಿನ ಟ್ಯಾಲಿ ಬೇರೆ ಬುಡದ್ದು. ಲ್ಯಾಟಿನ್ನಿನಲ್ಲಿ ಅದು ಕಡ್ಡಿ. ಸಾಲ ಕೊಟ್ಟವರು ಒಂದು ಕೋಲಿಗೆ ಗೀರು ಹಾಕಿ, ಉದ್ದಕ್ಕೆ ಸೀಳಿ, ಆಳಿಗೆ ಒಂದರ್ಧ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಎರಡೂ ಅರ್ಧ ಜೋಡಿಸಿದರೆ ಗೀರು ಕೂಡಬೇಕು. ಸಂಬಂಧವೇ ಇಲ್ಲದ ಎರಡು ಪದಗಳು ಸದ್ದಿನಲ್ಲೂ ಅರ್ಥದಲ್ಲೂ ಹೀಗೆ ಹತ್ತಿರ ಬಂದು ಕೂತರೆ, ಬುಡ ಬೇರೆ ಅಂತ ನಂಬಿಸುವುದು ಕಷ್ಟ. ಹಳೆಯ ಕಡತ, ಬಖೈರುಗಳಲ್ಲಿ ‘ತಾಳೆ’ಯ ಪ್ರಯೋಗ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ವಾಕ್ಯ ಸಮೇತ ಹೇಳಿ.

ಇನ್ನೊಂದು ಸಣ್ಣ ಪ್ರಶ್ನೆ. ಲಾಗ್ ಏರಿಸುವ ಮೊದಲು ಅದಕ್ಕೆ ಡಿಜಿಟಲ್ ಸಹಿ ಹಾಕಬೇಕು. ನಮ್ಮ ಜಿಲ್ಲೆಯ ಹಳಬರು ‘ರುಜು ಹಾಕು’ ಅನ್ನುತ್ತಾರೆ. ರುಜುವಾತಿನ ನೆಂಟಸ್ತಿಕೆ ಇರುವುದರಿಂದ ನನಗೆ ಸಹಿಗಿಂತ ರುಜು ಹೆಚ್ಚು ಹೊಂದುತ್ತದೆ. ಬೇರೆ ಕಡೆಯ ಹುಡುಗರಿಗೆ ಅರ್ಥ ಆಗುತ್ತದಾ?

ಡಿಎಕ್ಸ್‌ಸಿಸಿಯ ‘ದೇಶ’ವೂ ತಲೆನೋವೇ. ಅವರ ಪಟ್ಟಿಯಲ್ಲಿ ಭಾರತ ಒಂದು, ಅಂಡಮಾನ್ ನಿಕೋಬಾರ್ ಒಂದು, ಲಕ್ಷದ್ವೀಪ ಒಂದು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು (ಸರಕಿನ ಹಡಗುಗಳು) ಸಾಮಾನು ಹೇರಿಕೊಂಡು ಹೋಗುವ ಲಕ್ಷದ್ವೀಪ! ಅದರಲ್ಲೂ ಅಮಿನದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದನ್ನು ‘ಬೇರೆ ದೇಶ’ ಅಂತ ಕೈಪಿಡಿಯಲ್ಲಿ ಬರೆಯಲು ಕೈ ಬರುತ್ತಿಲ್ಲ. ‘ಸೀಮೆ’ ಅಂದರೆ ಹೇಗೆ? ನೂರು ಸೀಮೆ ಮಾತಾಡಿದವರು.

ಕೊನೆಗೆ ಅವಸರದ್ದು. ಕೈಪಿಡಿಯ ಜೊತೆ ಮಕ್ಕಳಿಗಾಗಿ ಕನ್ನಡದ್ದೇ ಕಾರ್ಡು ಅಚ್ಚು ಹಾಕಿಸುತ್ತಿದ್ದೇವೆ. ಸಾಮಾನ್ಯವಾಗಿ ಕಾರ್ಡುಗಳಲ್ಲಿ ಗುರುತು ಹಾಕಲು ಎರಡು ಚೌಕ ಇರುತ್ತದೆ. ಒಂದು, ನಿಮ್ಮ ಕಾರ್ಡು ಕಳಿಸಿ ಅಂತ. ಇನ್ನೊಂದು, ನಿಮ್ಮದು ಬಂತು, ಥ್ಯಾಂಕ್ಸ್ ಅಂತ. ನಾನು ‘ನಿಮ್ಮದು ಕಳಿಸಿ’ ಮತ್ತು ‘ನಿಮ್ಮದು ಮುಟ್ಟಿತು’ ಅಂತ ಹಾಕಿದ್ದೇನೆ. ಮೂರನೆಯ ಚೌಕ ಒಂದು ಸೇರಿಸಿ ‘ಕಂಪ್ಯೂಟರಿನಲ್ಲಿ ತಾಳೆ ಆಗಿದೆ, ಆದರೂ ಕಾರ್ಡು ಬೇಕು’ ಅಂತ ಹಾಕಿ ದೊಡ್ಡಪ್ಪ, ಅನ್ನುತ್ತಾಳೆ ಹುಡುಗಿ. ಜಾಗ ಸಾಲದು. ಇದನ್ನೇ ಮೂರು ಪದದಲ್ಲಿ ಹೇಳುವ ದಾರಿ ಯಾರಿಗಾದರೂ ಹೊಳೆದರೆ ಸೋಮವಾರದ ಒಳಗೆ ತಿಳಿಸಿ. ಪ್ರೆಸ್ಸಿನವರು ಅಷ್ಟರವರೆಗೆ ಕಾಯುತ್ತೇನೆ ಅಂದಿದ್ದಾರೆ.