ಅರ್ಲಿ ಆಕ್ಸೆಸ್ ಕೂಲಿ ಪಡೆ ಆಟ: ಅಪ್‌ಡೇಟ್ ಬಂದು ನಾನು ಉಳಿಸಿಟ್ಟ ಆಟ (ಸೇವ್) ಹೋಯಿತು. ಮತ್ತೆ ಶುರು ಮಾಡಲಾ, ಇಲ್ಲ ಪೂರ್ತಿ ಆಗುವವರೆಗೆ ಕಾಯಲಾ?

ತುಂಗೆ_ಬಿಲ್ಲುಗಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನಸ್ಸು ತುಂಬಾ ಕೆಟ್ಟಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಟಲ್ ಬ್ರದರ್ಸ್ ಅನ್ನುವ ಕಂಪ್ಯೂಟರ್ ಆಟ ಸ್ವಲ್ಪ ದಿನ ಆಡಿದ್ದೆ. ಆ ರುಚಿ ಹತ್ತಿದ ಮೇಲೆ ಅದೇ ಜಾತಿಯ ಇನ್ನೊಂದು ಆಟ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ ಇಟ್ಟಿದ್ದು, ಕಂಡಿತು, ತೆಗೆದುಕೊಂಡೆ. ಹೆಸರು ಬೇಡ, ಮಾಡುತ್ತಿರುವವರು ನಾಲ್ಕೈದು ಜನ ಇರಬಹುದು, ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಕೂಲಿ ಸಿಪಾಯಿಗಳ ಒಂದು ಪಡೆ ಕಟ್ಟಬೇಕು, ಊರೂರು ತಿರುಗಿ ಕೆಲಸ ಹಿಡಿಯಬೇಕು, ಜಗಳ ಬಂದರೆ ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ನಡೆಸಬೇಕು, ಸತ್ತವನು ಸತ್ತ. ಒಂದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ದಿನಾ ಆಡುತ್ತಿದ್ದೆ. ನನ್ನ ಪಡೆಯಲ್ಲಿ 14 ಜನ ಇದ್ದರು, ಎಲ್ಲರಿಗೂ ನಮ್ಮ ಊರಿನ ಕಡೆಯ ಹೆಸರು ಇಟ್ಟಿದ್ದೆ. ತಿಮ್ಮ ಅಂತ ಒಬ್ಬ ಮೀನುಗಾರ, ಮೊದಲ ದಿನದಿಂದ ಇದ್ದವನು, ಒಂದು ಕಣ್ಣು ಹೋಗಿತ್ತು, ಆದರೂ ಈಟಿ ಹಿಡಿದು ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದ. ಅವನನ್ನು ಉಳಿಸಿಕೊಳ್ಳೋಕೆ ಎರಡು ಸಲ ಕೈಗೆ ಬಂದ ಕಾಂಟ್ರಾಕ್ಟ್ ಬಿಟ್ಟು ಓಡಿದ್ದೇನೆ.

ಮೊನ್ನೆ ದೊಡ್ಡ ಅಪ್‌ಡೇಟ್ ಬಂತು. ಆಟ ತೆರೆದರೆ, ಈ ಸೇವ್ ಹಳೆಯ ಆವೃತ್ತಿಯದು, ತೆರೆಯಲು ಆಗುವುದಿಲ್ಲ ಅಂತ ಒಂದು ಸಾಲು. ಅಷ್ಟೇ. ತಿಮ್ಮ ಯುದ್ಧದಲ್ಲಿ ಸತ್ತಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಆಟದ ನಿಯಮವೇ ಅದು, ಆದರೆ ಹೀಗೆ ಹೋದರೆ ಹೇಗೆ ಒಪ್ಪಿಕೊಳ್ಳುವುದು?

ಕೇಳಬೇಕಿದ್ದು ಇಷ್ಟು. ಹಳೆಯ ಆವೃತ್ತಿಗೆ ವಾಪಸ್ ಹೋಗೋಕೆ ದಾರಿ ಇದೆಯಾ? ಇಲ್ಲದಿದ್ದರೆ ಮತ್ತೆ ಮೊದಲಿಂದ ಶುರು ಮಾಡೋದು ಒಳ್ಳೆಯದಾ, ಇಲ್ಲ ಪೂರ್ತಿ ಬಿಡುಗಡೆ ಆಗುವವರೆಗೆ ಕಾಯೋದಾ? ಕಾಯುವುದಾದರೆ ಬ್ಯಾಟಲ್ ಬ್ರದರ್ಸ್‌ಗೇ ವಾಪಸ್ ಹೋಗಬೇಕು. ಆದರೆ ಅಲ್ಲಿ ನನಗೆ ಎರಡು ಕಷ್ಟ: ದುಡ್ಡು ನಿಲ್ಲುವುದಿಲ್ಲ, ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ಬಂದರೆ ಪಡೆ ಉಳಿಯುವುದಿಲ್ಲ.

ಹಳೇ_ಪೆನ್‌ಡ್ರೈವ್:

ಮೊದಲು ಇದನ್ನು ಮಾಡಿ, ಉಳಿದ ಮಾತು ಆಮೇಲೆ. ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಇದೆಯಲ್ಲ, ಅದರ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಬೀಟಾಸ್ ಅಂತ ಇರುತ್ತದೆ. ಆಟ ಮಾಡುವವರು ಹಳೆಯ ಆವೃತ್ತಿಯನ್ನು ಅಲ್ಲಿ ಇಟ್ಟಿದ್ದರೆ ಪಟ್ಟಿಯಲ್ಲಿ ಕಾಣುತ್ತದೆ. ಎಲ್ಲರೂ ಇಡುವುದಿಲ್ಲ, ಆದರೆ ಸೇವ್ ಮುರಿಯುವಂಥ ಅಪ್‌ಡೇಟ್ ಕೊಡುವಾಗ ತುಂಬಾ ಜನ ಇಡುತ್ತಾರೆ. ಅದನ್ನು ಆರಿಸಿದರೆ ಸ್ಟೀಮ್ ತಾನೇ ಹಳೆಯದನ್ನು ಇಳಿಸಿಕೊಳ್ಳುತ್ತದೆ.

ಅದಕ್ಕೂ ಮುಂಚೆ ಸೇವ್ ಫೋಲ್ಡರ್ ಹುಡುಕಿ, ಪೂರ್ತಿ ಕಾಪಿ ಮಾಡಿ ಬೇರೆ ಕಡೆ ಇಡಿ. ಬ್ಯಾಟಲ್ ಬ್ರದರ್ಸ್‌ದಾದರೆ ಡಾಕ್ಯುಮೆಂಟ್ಸ್ ಒಳಗೆ ಅದೇ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತದೆ. ನಿಮ್ಮದು ಬೇರೆ ಕಡೆ ಇರಬಹುದು, ವಿಂಡೋಸ್‌ನ ಆಪ್‌ಡೇಟಾ ಫೋಲ್ಡರ್ ಒಳಗೂ ನೋಡಿ. ಹೊಸ ಆವೃತ್ತಿಯಲ್ಲಿ ಹೊಸ ಪಡೆ ಮಾತ್ರ ಈಗಲೇ ಶುರು ಮಾಡಬೇಡಿ, ಹಳೆಯ ಫೈಲಿನ ಮೇಲೆ ಬರೆದುಬಿಟ್ಟರೆ ಆಮೇಲೆ ಯಾರೂ ಏನೂ ಮಾಡೋಕಾಗಲ್ಲ.

ಇನ್ನು ಮುಂದೆ ನಡೆಯುತ್ತಿರುವ ಪಡೆ ಉಳಿಯಬೇಕು ಅಂದರೆ ಅದೇ ಪ್ರಾಪರ್ಟೀಸ್‌ನಲ್ಲಿ ಅಪ್‌ಡೇಟ್ಸ್‌ಗೆ ಹೋಗಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಅಂತ ಇಡಿ. ಅಷ್ಟು ಸಾಲದು, ತೆರೆದ ಕೂಡಲೇ ಇಳಿಸಿಬಿಡುತ್ತದೆ. ಅಪ್‌ಡೇಟ್ ಬಂದಿದೆ ಅಂತ ಗೊತ್ತಾದರೆ ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿಕೊಂಡು ಆಡಿ, ಪಡೆಯ ಕಥೆ ಮುಗಿದ ಮೇಲೆ ಹೊಸದು ಹಾಕಿಸಿ.

ಆಡುಹುಲಿ_ಆಟಗಾರ:

ನಿಮ್ಮ ತಿಮ್ಮನ ವಿಷಯ ಓದಿ ಬೇಜಾರಾಯಿತು. ಹೊರಗಿನವರಿಗೆ ಇದು ಬರೀ ಫೈಲು. ಆಡಿದವರಿಗೆ ಹಾಗಲ್ಲ.

ನಾನು ಬ್ಯಾಟಲ್ ಬ್ರದರ್ಸನ್ನು ಅದು ಅರ್ಲಿ ಆಕ್ಸೆಸ್‌ನಲ್ಲಿ ಇದ್ದಾಗಲೇ ಆಡಿದವನು. ಜರ್ಮನಿಯ ಹ್ಯಾಂಬರ್ಗ್‌ನ ಓವರ್‌ಹೈಪ್ ಸ್ಟುಡಿಯೋಸ್ ಅದನ್ನು 2015ರ ಏಪ್ರಿಲ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ತಂದಿತು, ಪೂರ್ತಿ ಆಟ ಬಂದಿದ್ದು 2017ರ ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ. ಶುರುವಿನಲ್ಲಿ ಯುದ್ಧದ ಭಾಗ ಗಟ್ಟಿಯಾಗಿತ್ತು, ಹೊರಗಿನ ಪ್ರಪಂಚ ಬಡವಾಗಿತ್ತು. ನಡುವೆ ನಕ್ಷೆಯನ್ನೇ ಹೊಸದಾಗಿ ಕಟ್ಟಿದರು. ಇವತ್ತು ಆ ಆಟ ಆಡುವವರಿಗೆ ಊರು, ದೊರೆಗಳ ಮನೆತನ, ಕಾಂಟ್ರಾಕ್ಟು ಎಲ್ಲ ಮೊದಲಿಂದ ಹೀಗೇ ಇತ್ತು ಅನಿಸಬಹುದು, ಆದರೆ ಅದೆಲ್ಲ ಒಂದೊಂದಾಗಿ ಬಂದಿದ್ದು. ಒಂದು ಮಾತ್ರ ಮೊದಲಿಂದಲೂ ಹಾಗೇ ಇದೆ: ಆಳುಗಳಿಗೆ ಕಾಲಿಲ್ಲ, ಮಣೆಯ ಮೇಲಿನ ಕಾಯಿಗಳ ಹಾಗೆ ಎದೆಯಿಂದ ಮೇಲಷ್ಟೇ ಕಾಣುತ್ತಾರೆ. ಮೊದಲು ನೋಡಿದಾಗ ವಿಚಿತ್ರ ಅನಿಸಿತು, ವಾರ ಕಳೆಯುವುದರಲ್ಲಿ ನನಗೆ ಅದೇ ಇಷ್ಟವಾಯಿತು.

ಆ ಎರಡು ವರ್ಷದಲ್ಲಿ ನಾನು ಕಲಿತಿದ್ದು ಏನೆಂದರೆ, ಅರ್ಲಿ ಆಕ್ಸೆಸ್‌ನಲ್ಲಿ ಉದ್ದದ ಪಡೆ ಕಟ್ಟಬಾರದು. ಆಟದ 30 ದಿನ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಒಂದು ವಿಷಯ ಕಲಿಯಬೇಕು, ಈ ಸಲ ಬರೀ ಬಿಲ್ಲುಗಾರರು, ಮುಂದಿನ ಸಲ ಬರೀ ಈಟಿ, ಹೀಗೆ. 30 ದಿನ ಆದಮೇಲೆ ಪಡೆ ಬದುಕಿದ್ದರೆ ಸಂತೋಷ, ಅಪ್‌ಡೇಟ್ ಬಂದು ಹೋದರೂ ಕೈಗೆ ಬಂದ ಪಾಠ ಹೋಗುವುದಿಲ್ಲ. ಹಾಗಾಗಿ ನನ್ನ ಉತ್ತರ: ಕಾಯಬೇಡಿ, ಆಡಿ, ಆದರೆ ಚಿಕ್ಕದಾಗಿ ಆಡಿ. ನಾವು ಏನು ಕಷ್ಟ ಅಂತ ಬರೆದು ಕಳಿಸಿದ್ದನ್ನು ಮಾಡುವವರು ಓದುವುದು, ಆಟ ಬದಲಾಗುವುದು ಈ ಹೊತ್ತಿನಲ್ಲೇ ಅಲ್ವಾ?

ಈಗ ದುಡ್ಡಿನ ವಿಷಯ. ಬ್ಯಾಟಲ್ ಬ್ರದರ್ಸ್‌ನಲ್ಲಿ ದಿನಾ ಸಂಬಳ ಕೊಡಬೇಕು, ಊಟ ಹಾಕಬೇಕು, ಹರಿದ ಕವಚ ರಿಪೇರಿಗೆ ಸಾಮಾನು, ಗಾಯಕ್ಕೆ ಔಷಧಿ. ಕಾಂಟ್ರಾಕ್ಟಿನ ದುಡ್ಡು ಇದಕ್ಕೇ ಸರಿಹೋಗುತ್ತದೆ. ಒಳ್ಳೆಯ ಕವಚವನ್ನು ಅಂಗಡಿಯಲ್ಲಿ ಕೊಂಡರೆ ನೀವು ಎಂದೂ ಮೇಲೆ ಬರುವುದಿಲ್ಲ. ಅದನ್ನು ಕಳ್ಳರ ಮೈಮೇಲಿಂದಲೇ ತೆಗೆಯಬೇಕು. ಆದರೆ ಕೊಡಲಿ, ಗದೆಯಿಂದ ಹೊಡೆದು ಕೊಂದರೆ ಕವಚ ಚಿಂದಿಯಾಗಿ ಕೈಗೇ ಸಿಗುವುದಿಲ್ಲ. ಅದಕ್ಕೆ ಚೂರಿ ಬೇಕು. ಚೂರಿಯಲ್ಲಿ ಪಂಕ್ಚರ್ ಅಂತ ಒಂದು ಪಟ್ಟು ಇದೆ, ಕವಚವನ್ನು ಮುಟ್ಟದೆ ಸಂದಿಯಲ್ಲಿ ನೇರ ಮೈಗೆ ಇಳಿಯುತ್ತದೆ. ಗುರಿ ತಪ್ಪುವುದು ಜಾಸ್ತಿ, ಒಂದೇಟಿಗೆ ಸಾಯುವುದೂ ಇಲ್ಲ, ಆದರೆ ಆಳು ಬಿದ್ದಾಗ ಕವಚ ಹಾಗೇ ಇರುತ್ತದೆ.

ಮಾಡುವ ಕ್ರಮ ಹೀಗೆ. ಯುದ್ಧ ಶುರುವಾದಾಗಲೇ ಯಾರ ಮೈಮೇಲೆ ಒಳ್ಳೆಯ ಕವಚ ಇದೆ ನೋಡಿಟ್ಟುಕೊಳ್ಳಿ. ಉಳಿದವರನ್ನೆಲ್ಲ ಮುಗಿಸಿ, ಅವನನ್ನು ಮಾತ್ರ ಉಳಿಸಿ. ಆಮೇಲೆ ಸುತ್ತ ನಿಲ್ಲಿ. ಯುದ್ಧದ ಮಣೆಯ ಒಂದೊಂದು ಮನೆಗೂ ಆರು ಮಗ್ಗುಲು ಇರುವುದರಿಂದ ಆರು ಜನ ಹಿಡಿಸುತ್ತಾರೆ. ಪಕ್ಕದಲ್ಲಿ ನಮ್ಮವನು ಒಬ್ಬೊಬ್ಬ ಹೆಚ್ಚಾದ ಹಾಗೆ ಏಟು ತಗಲುವ ಸಾಧ್ಯತೆ ಶೇಕಡಾ 5ರಂತೆ ಏರುತ್ತದೆ, ಚೂರಿಯ ಕೊರತೆ ಅಲ್ಲಿ ತುಂಬುತ್ತದೆ. ನಮ್ಮ ಅಜ್ಜ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುಹುಲಿ ಆಡಿಸುತ್ತಿದ್ದರು. ಒಂದು ಆಡು ಹುಲಿಯನ್ನು ಏನೂ ಮಾಡಲಾರದು, ಎಲ್ಲ ಸೇರಿ ದಾರಿ ಕಟ್ಟಿದರೆ ಹುಲಿ ಅಲ್ಲಾಡುವುದಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಕಲಿತದ್ದು ನನಗೆ ಇಲ್ಲಿ ಕೆಲಸಕ್ಕೆ ಬಂತು. ಹೀಗೆ ಎರಡು ಮೂರು ಕವಚ ಗಳಿಸಿದರೆ ಮುಂದಿನ ಸಾಲು ಗಟ್ಟಿಯಾಗುತ್ತದೆ, ಆಳು ಸಾಯುವುದು ಕಡಿಮೆಯಾಗುತ್ತದೆ, ಹೊಸಬರನ್ನು ತರುವ ಖರ್ಚೂ ಉಳಿಯುತ್ತದೆ.

ಎರಡೇ_ಗಂಟೆ:

ಮೇಲಿನವರ ಮಾತಿಗೆ ಗೌರವ ಇದೆ, ಆದರೆ ನಾನು ಒಪ್ಪುವುದಿಲ್ಲ. ಕಾಯಿರಿ ಅನ್ನುತ್ತೇನೆ.

ಮಗು ಮಲಗಿದ ಮೇಲೆ ನನಗೆ ಸಿಗುವುದು ರಾತ್ರಿ ಒಂದೂವರೆ, ಎರಡು ಗಂಟೆ. ಅದರಲ್ಲಿ ಅರ್ಧ ಬೆಂದ ಆಟದ ಪರೀಕ್ಷೆ ಮಾಡಿಕೊಂಡು ಕೂರಲು ಮನಸ್ಸು ಬರುವುದಿಲ್ಲ. ಈ ಜಾತಿಯ ಆಟದಲ್ಲಿ ರುಚಿ ಇರುವುದೇ ಪಡೆ ಹಳೆಯದಾಗುವುದರಲ್ಲಿ. ಯಾರಿಗೆ ಯಾವಾಗ ಗಾಯವಾಯಿತು, ಯಾರು ಯಾರನ್ನು ಉಳಿಸಿದರು ಅನ್ನುವುದು ನೆನಪಿದ್ದರೆ ತಾನೇ ಸಾವು ಮನಸ್ಸಿಗೆ ತಟ್ಟುವುದು? 30 ದಿನಕ್ಕೆ ಬಿಟ್ಟುಬಿಡುವುದಾದರೆ ನನಗೆ ಆ ಆಟವೇ ಬೇಡ.

ವಾರ್‌ಟೇಲ್ಸ್ ವಿಷಯದಲ್ಲಿ ನಾನು ಹೀಗೇ ಮಾಡಿದೆ. ಫ್ರಾನ್ಸಿನ ಬೋರ್ಡೋದ ಶಿರೋ ಗೇಮ್ಸ್‌ನವರ ಆಟ. 2021ರ ಡಿಸೆಂಬರ್ 1ಕ್ಕೆ ಅರ್ಲಿ ಆಕ್ಸೆಸ್‌ಗೆ ಬಂತು, 2023ರ ಏಪ್ರಿಲ್ 12ಕ್ಕೆ ಪೂರ್ತಿಯಾಯಿತು. ಅಷ್ಟು ದಿನ ಕೈ ಕಟ್ಟಿ ಕೂತಿದ್ದೆ. ಆಮೇಲೆ ಟಿಲ್ಟ್ರೆನ್‌ನಿಂದ ಹೊರಟು ಒಂದೊಂದೇ ಸೀಮೆ ದಾಟಿಕೊಂಡು ಒಂದೇ ಪಡೆಯಲ್ಲಿ ಕೊನೆವರೆಗೆ ಹೋದೆ. ಅಲ್ಲಿ ರಾತ್ರಿ ಬೀಡು ಬಿಟ್ಟಾಗ ಒಬ್ಬ ಅಡುಗೆ ಮಾಡುತ್ತಾನೆ, ಒಬ್ಬ ಕಬ್ಬಿಣ ಬಡಿಯುತ್ತಾನೆ, ಹಿಡಿದು ಪಳಗಿಸಿದ ತೋಳ ಬೆಂಕಿಯ ಪಕ್ಕ ಮಲಗುತ್ತದೆ. ಯುದ್ಧ ಇಲ್ಲದ ಆ ಹೊತ್ತೇ ನನಗೆ ಹೆಚ್ಚು ಇಷ್ಟ. ತಿಮ್ಮನಂಥವರನ್ನು ಹಚ್ಚಿಕೊಳ್ಳುವ ನಿಮಗೂ ಇಷ್ಟ ಆಗುತ್ತದೆ, ನೋಡಿ. ಶುರುವಿನಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಶತ್ರುಗಳ ಬಲ ನಿಮ್ಮ ಜೊತೆ ಬೆಳೆಯಬೇಕಾ, ಇಲ್ಲ ಸೀಮೆಗೆ ಇಷ್ಟು ಅಂತ ಇರಬೇಕಾ ಅಂತ. ಎರಡನೆಯದನ್ನೇ ಆರಿಸಿ. ಬಲ ಬಂದ ಮೇಲೆ ಹಳೆಯ ಊರಿಗೆ ವಾಪಸ್ ಹೋದಾಗ, ಒಂದು ಕಾಲಕ್ಕೆ ನಮ್ಮನ್ನು ಅಟ್ಟಿಸಿದ ಕಳ್ಳರೇ ಹೆದರುವುದನ್ನು ನೋಡಬೇಕು.

ಇನ್ನೊಂದು. ಮುಂದೆ ಯಾವ ಅರ್ಲಿ ಆಕ್ಸೆಸ್ ಆಟ ಕೊಳ್ಳುವಾಗಲೂ ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ ಅನ್ನುವುದು ನೆನಪಿರಲಿ. ಈಗ ಇರುವ ಸ್ಥಿತಿಯಲ್ಲಿ ಆಡಲು ಮನಸ್ಸಿಲ್ಲದಿದ್ದರೆ ಕಾಯುವುದು ಒಳ್ಳೆಯದು ಅಂತ ಅಂಗಡಿ ಪುಟದಲ್ಲಿ ಅವರೇ ಬರೆದಿರುತ್ತಾರೆ. ಮುಂದೆ ಏನೇನು ಬರುತ್ತದೆ ಅನ್ನುವ ಪಟ್ಟಿ ನೋಡಿ ಕೊಳ್ಳಬೇಡಿ. ಹಿಂದಿನ ಆರು ತಿಂಗಳಲ್ಲಿ ಎಷ್ಟು ಅಪ್‌ಡೇಟ್ ನಿಜವಾಗಿ ಬಂದಿದೆ ಎಣಿಸಿ.

ಕೆಸರು_ದಾರಿ:

ಗಾಬ್ಲಿನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹೇಳುತ್ತೇನೆ.

ಗಾಬ್ಲಿನ್‌ಗಳು ಸಣ್ಣವು, ಮೈಯಲ್ಲಿ ಜೀವ ಕಡಿಮೆ. ಹತ್ತಿರ ಸಿಕ್ಕರೆ ಬೇಗ ಸಾಯುತ್ತವೆ, ಸಿಗುವುದೇ ಕಷ್ಟ. ಕೊಲ್ಲುವುದು ಅವುಗಳ ಬಿಲ್ಲು ಮತ್ತು ವಿಷ. ನೀವು ಬಯಲಲ್ಲಿ ಆಳುಗಳನ್ನು ಗೋಡೆಯ ಹಾಗೆ ಸಾಲಾಗಿ ನಿಲ್ಲಿಸಿ ಕಾಯುತ್ತೀರಿ ಅಂತ ನನ್ನ ಊಹೆ. ಕಳ್ಳರಿಗೆ, ಓರ್ಕ್‌ಗಳಿಗೆ ಅದು ಸರಿ, ಅವು ತಾವೇ ಬಂದು ಈಟಿಗೆ ಬೀಳುತ್ತವೆ. ಗಾಬ್ಲಿನ್ ಮುಂದೆ ಕಾದರೆ ನಿಂತಲ್ಲೇ ಬಾಣ ತಿನ್ನುತ್ತೀರಿ.

ಹಾಗಾಗಿ ಎಲ್ಲರ ಕೈಗೂ ಗುರಾಣಿ ಕೊಡಿ. ಎರಡು ಕೈಯ ದೊಡ್ಡ ಕೊಡಲಿ ಆ ದಿನಕ್ಕೆ ಬೇಡ. ಮರದ ಮರೆಯಲ್ಲಿ ನಡೆದು ಹತ್ತಿರ ಹೋಗಿ, ಆದರೆ ಓಡಬೇಡಿ, ದಣಿವು ತುಂಬಿದರೆ ತಲುಪಿದ ಮೇಲೆ ಹೊಡೆಯಲು ಕಸುವು ಇರುವುದಿಲ್ಲ. ಎರಡು ಯುದ್ಧದ ನಾಯಿ ಇಟ್ಟುಕೊಳ್ಳಿ, ಬಿಲ್ಲುಗಾರರ ಕಡೆ ಬಿಡಿ. ನಾಯಿ ಪಕ್ಕಕ್ಕೆ ಬಂದ ಕೂಡಲೇ ಅವಕ್ಕೆ ಸುಮ್ನೆ ನಿಂತು ಗುರಿ ಇಡೋಕಾಗಲ್ಲ. ತೋಳದ ಮೇಲೆ ಬರುವವು ಮಾತ್ರ ತಾವೇ ನುಗ್ಗುತ್ತವೆ, ಅವಕ್ಕೆ ಈಟಿಯ ಸಾಲು ಸಾಕು. ಈಟಿಗೆ ಗುರಿ ತಗಲುವುದರಲ್ಲಿ ಶೇಕಡಾ 20 ಹೆಚ್ಚಿಗೆ ಸಿಗುತ್ತದೆ, ಹೊಸ ಆಳಿಗೆ ಅದಕ್ಕಿಂತ ಒಳ್ಳೆಯ ಆಯುಧ ಇಲ್ಲ.

ಕಾಂಟ್ರಾಕ್ಟಿನ ಮೇಲೆ, ಕೆಲಸ ಎಷ್ಟು ಕಷ್ಟ ಅಂತ ತೋರಿಸುವ ಬುರುಡೆಯ ಗುರುತು ನೋಡಿ. ಒಂದು ಬುರುಡೆ ಇದ್ದರೆ ಹೋಗಿ. ಎರಡು ಮೂರು ಇದ್ದು ಹೆಜ್ಜೆ ಗುರುತು ಗಾಬ್ಲಿನ್‌ದು ಅಂತ ಕಂಡರೆ, ಪಡೆ ಎಳಸಾಗಿರುವಾಗ, ಬಿಟ್ಟು ಬನ್ನಿ. ಊರಿನವರಿಗೆ ಸಿಟ್ಟು ಬರುತ್ತದೆ, ಹೆಸರು ಸ್ವಲ್ಪ ಕೆಡುತ್ತದೆ. ಹನ್ನೆರಡು ಜನರ ಹೆಣಕ್ಕಿಂತ ಅದು ಅಗ್ಗ. ನೀವು ತಿಮ್ಮನಿಗಾಗಿ ಎರಡು ಸಲ ಓಡಿದ್ದು ಸರಿಯಾದ ಆಟವೇ.

ತುಂಗೆ_ಬಿಲ್ಲುಗಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀಟಾಸ್‌ನಲ್ಲಿ ಹಳೆಯ ಆವೃತ್ತಿ ಇತ್ತು! ರಾತ್ರಿಯೆಲ್ಲ ಇಳಿಸಲು ಬಿಟ್ಟು ಬೆಳಿಗ್ಗೆ ತೆರೆದೆ, 14 ಜನರೂ ಇದ್ದಾರೆ. ಸೇವ್ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ ಇಟ್ಟಿದ್ದೇನೆ. ಈ ಪಡೆಯ ಕಥೆ ಮುಗಿಯುವವರೆಗೆ ಅಲ್ಲಿ ಹೊಸ ಅಪ್‌ಡೇಟ್ ಹಾಕುವುದಿಲ್ಲ, ಅಷ್ಟರ ಮಟ್ಟಿಗೆ ಎರಡೇ_ಗಂಟೆ ಅವರ ಮಾತು ನನಗೆ ಹತ್ತಿರವಾಯಿತು. ವಾರ್‌ಟೇಲ್ಸ್ ವಿಶ್‌ಲಿಸ್ಟ್‌ಗೆ ಹಾಕಿದೆ.

ನಿನ್ನೆ ಬ್ಯಾಟಲ್ ಬ್ರದರ್ಸ್‌ನಲ್ಲಿ 30 ದಿನದ ಪಡೆ ಒಂದನ್ನು ಶುರು ಮಾಡಿ ಚೂರಿ ಪಟ್ಟು ನೋಡಿದೆ. ಮೊದಲನೆಯ ಸಲವೇ ಕಬ್ಬಿಣದ ಉಂಗುರಗಳನ್ನು ಹೆಣೆದ ಕವಚ ಒಂದು ಸಿಕ್ಕಿತು. ಆದರೆ ಎರಡನೆಯ ಕಳ್ಳನ ಕೈಯಲ್ಲಿ ಗುರಾಣಿ ಇತ್ತು, ಐದು ಜನ ಸುತ್ತ ನಿಂತರೂ ಚೂರಿ ತಗಲಲೇ ಇಲ್ಲ, ಅಷ್ಟರಲ್ಲಿ ನಮ್ಮ ಒಬ್ಬ ಹೊಲದ ಆಳು ಹೋದ. ಅಂಥವನಿಗೆ ಏನು ಮಾಡಬೇಕು?

ಆಡುಹುಲಿ_ಆಟಗಾರ:

ಸುತ್ತ ನಿಂತವರಲ್ಲಿ ಒಬ್ಬನ ಕೈಯಲ್ಲಿ ಕೊಡಲಿ ಇರಲಿ. ಮೊದಲು ಗುರಾಣಿ ಒಡೆಸಿ, ಕೊಡಲಿಗೆ ಅದೇ ಒಂದು ಪಟ್ಟು ಬೇರೆ ಇದೆ, ಕವಚಕ್ಕೆ ಏನೂ ಆಗುವುದಿಲ್ಲ. ಬಲೆ ಸಿಕ್ಕರೆ ಅದನ್ನೂ ಎಸೆಯಿರಿ. ಅಲ್ಲಿಯವರೆಗೆ ಉಳಿದವರು ಹೊಡೆಯದೆ ಗುರಾಣಿ ಎತ್ತಿ ನಿಲ್ಲಲಿ. ಗುರಾಣಿ ಹೋದ ಮೇಲೆ ಚೂರಿ ತೆಗೆಯಿರಿ.