ಅಪ್‌ಡೇಟ್: ಊಟ ಬದಲಿಸಿದ ನಂತರ ಮೊಡವೆಗಳು

ಮೂವತ್ತು ದಾಟಿದ ಮೇಲೂ ಗದ್ದ ಮತ್ತು ದವಡೆಯ ಅಂಚಿನಲ್ಲಿ ಏಳುತ್ತಿದ್ದ ಮೊಡವೆಗಳು ಆಹಾರ ಬದಲಿಸಿದರೆ ತಗ್ಗುತ್ತವೆಯೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು. ಮೊಡವೆಗಳು ಪೂರ್ತಿ ಹೋಗಿಲ್ಲ. ಆದರೆ ನೋವು ಕೊಡುವ ಗಂಟುಗಳು ಸ್ಪಷ್ಟವಾಗಿ ಕಡಿಮೆಯಾಗಿವೆ.

ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ಆಹಾರದಿಂದ ಇನ್ಸುಲಿನ್ ಹೆಚ್ಚಿ, ಅದರಿಂದ ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗುತ್ತವೆ ಎಂಬ ವಿವರಣೆಯನ್ನು ಆಧರಿಸಿ ಬೇಕರಿ ತಿನಿಸು ಮತ್ತು ಸಿಹಿ ಕಾಫಿಯನ್ನು ಮೊದಲು ಕೈಬಿಟ್ಟೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಇಂಥ ಆಹಾರವನ್ನು 12 ವಾರ ಮಿತಗೊಳಿಸಿದವರ ಮೊಡವೆಗಳು ಇತರರಿಗಿಂತ ಹೆಚ್ಚು ಇಳಿದಿದ್ದವು. ಆದರೆ ಅವರೆಲ್ಲರೂ 15ರಿಂದ 25 ವರ್ಷದ ಪುರುಷರಾದ್ದರಿಂದ ನನ್ನ ವಯಸ್ಸಿನ ಹೆಂಗಸರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಸಕ್ಕರೆಗೆ ಬದಲು ಬೆಲ್ಲ ಬಳಸಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾರೆ. ಆಲೆಮನೆಯ ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸೇ, ಅಂದರೆ ಸಕ್ಕರೆಯಲ್ಲಿರುವ ಅದೇ ಸಿಹಿ ಅಂಶ. (ಮಂಡ್ಯದಲ್ಲಿ ಕುಳಿತು ಹೀಗೆ ಬರೆಯಲು ಧೈರ್ಯ ಬೇಕು.) ರಾಗಿ ಮುದ್ದೆಯೂ ಹಿಟ್ಟಿನದೇ ಆದ್ದರಿಂದ, ಅದರ ಗಾತ್ರವನ್ನು ಕುಗ್ಗಿಸಿ, ಬಸ್ಸಾರಿನ ಸೊಪ್ಪು ಮತ್ತು ಕಾಳಿನ ಪಲ್ಯವನ್ನು ಹೆಚ್ಚಿಸಿಕೊಂಡಿದ್ದೇನೆ.

ಹಾಲಿಗೂ ಮೊಡವೆಗೂ, ಅದರಲ್ಲಿಯೂ ಕೆನೆ ತೆಗೆದ ಹಾಲಿಗೆ, ನಂಟಿರುವುದನ್ನು ಕೆಲವು ಸಮೀಕ್ಷೆಗಳು ತೋರಿಸಿವೆಯಾದರೂ ಹಾಲೇ ಕಾರಣವೆಂದು ಸಾಬೀತಾಗಿಲ್ಲ. ಹಾಲು ಬಿಟ್ಟು ನೋಡಿದಾಗ ನನಗೆ ವ್ಯತ್ಯಾಸ ಕಾಣದ್ದರಿಂದ ಮತ್ತೆ ಆರಂಭಿಸಿದೆ.

ಚರ್ಮವೈದ್ಯರು ಬರೆದುಕೊಟ್ಟ ಮುಲಾಮನ್ನು ನಿಲ್ಲಿಸಿಲ್ಲವಾದ್ದರಿಂದ ಸುಧಾರಣೆಯಲ್ಲಿ ಊಟದ ಪಾಲೆಷ್ಟೆಂದು ಹೇಳಲಾರೆ. ಮುಟ್ಟು ಏರುಪೇರಾಗುತ್ತಿರುವವರು ಪಥ್ಯಕ್ಕೆ ಮೊದಲು ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ, ಮೊಡವೆ ಏಳುವ ತೊಂದರೆ) ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.